ಕಲ್ಲಿನ ದಿಬ್ಬವನ್ನು ಇನ್ನು ಎತ್ತರಿಸಬೇಡಿ

ಕಡಲತೀರ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಅಥವಾ ಈ ಪತ್ರ ಮೇಜು ತಲುಪುವ ಹೊತ್ತಿಗೆ ನಿಮಗೆ ವರ್ಗವಾಗಿದ್ದರೆ ಅದೇ ಕುರ್ಚಿಯಲ್ಲಿ ಕುಳಿತಿರುವ ಇನ್ನೊಬ್ಬ ಮಾನ್ಯರೇ,

ನಮ್ಮ ಓಣಿಯ ಮುಂದಿದ್ದ ಉರುಟುಗಲ್ಲಿನ ದಿಬ್ಬವನ್ನು ಒಡೆದದ್ದು ಕಡಲಲ್ಲ, ನೀವು. ವರ್ಷವರ್ಷವೂ ಅದನ್ನು ರಕ್ಷಿಸಿ, ಎತ್ತರಿಸಿ, ನೇರ ಮಾಡಿ, ಮಟ್ಟ ಹೊಡೆದು, ಕೊನೆಗೆ ಒಂದು ಮಧ್ಯಾಹ್ನದ ಬಿರುಗಾಳಿಗೆ ಕುಸಿದುಬೀಳುವಷ್ಟು ಚೆನ್ನಾಗಿ ರಕ್ಷಿಸಿದಿರಿ. ಈಗ ಮುಂದಿನ ಬಿರುಗಾಳಿಯ ಕಾಲ ಶುರುವಾಗುವ ಮೊದಲು ಅದೇ ದಿಬ್ಬವನ್ನು ಮೊದಲಿಗಿಂತ ಒಂದಾಳು ಎತ್ತರ ಕಟ್ಟುವುದಾಗಿಯೂ, ಇದು ಶಾಶ್ವತ ಪರಿಹಾರವೆಂದೂ, ಓಣಿಯವರು ನಿಶ್ಚಿಂತೆಯಿಂದ ತಮ್ಮ ಮನೆಗಳಿಗೆ ಮರಳಬಹುದೆಂದೂ ನಿಮ್ಮ ಕಚೇರಿ ಪ್ರಕಟಣೆ ಅಂಟಿಸಿದೆ. ನನ್ನ ಅಕ್ಕ ನಿಶ್ಚಿಂತೆಯಿಂದ ಮರಳಬೇಕಾದ ಕೋಣೆ ಆ ದಿಬ್ಬದ ಬುಡದಲ್ಲೇ ಇದೆ. ಅವಳು ಅಲ್ಲಿಗೆ ಮರಳಬಾರದು, ಅವಳು ಹೋಗುವುದಕ್ಕೆ ಇನ್ನೊಂದು ಜಾಗವನ್ನು ನೀವು ಕೊಡಬೇಕು. ಇಷ್ಟು ಹೇಳುವುದಕ್ಕೆ ಈ ಪತ್ರ. ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುವುದಕ್ಕೆ ಕಾರಣ, ಲಕೋಟೆಯಲ್ಲಿ ಹಾಕಿ ಕಳಿಸಿದ ಹಿಂದಿನ ಪತ್ರಗಳು ನಿಮ್ಮಲ್ಲಿ ಲಕೋಟೆಯೊಳಗೇ ಸುಖವಾಗಿವೆ ಎಂದು ಕೇಳಿದ್ದೇನೆ.

ಇದನ್ನೆಲ್ಲ ಹೇಳುವುದಕ್ಕೆ ನೀನು ಯಾರು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ನಾನು ಎಂಜಿನಿಯರ್ ಅಲ್ಲ, ಕಾಲೇಜಿನ ಮೆಟ್ಟಿಲು ಹತ್ತಿದವಳೂ ಅಲ್ಲ. ಮುದ್ರಣಾಲಯದಲ್ಲಿ ಕಾಗದ ಮಡಿಸುವವಳು. ಕರಪತ್ರ, ಕಿರುಹೊತ್ತಗೆ, ಸೂಚನಾಪತ್ರ, ಹೀಗೆ ಊರಿಗೆ ಬುದ್ಧಿ ಹೇಳುವ ಕಾಗದವೆಲ್ಲ ನನ್ನ ಬೆರಳಿನಡಿ ಮಡಿಕೆಯಾಗಿಯೇ ಊರಿಗೆ ಹೋಗುತ್ತದೆ. ಮಡಿಸುವಾಗ ಓದುವುದು ನನ್ನ ಚಟ. ಹಲ್ಲಿನ ಆರೈಕೆ, ಕಾರ್ಮಿಕರ ಹಕ್ಕು, ಬಾವಿ ನೀರು ಶುದ್ಧ ಮಾಡುವ ಬಗೆ, ಬಾಡಿಗೆದಾರರ ಕಾನೂನು, ಯುದ್ಧ ಬೇಡವೆಂಬ ಘೋಷಣೆ, ಎಲ್ಲವನ್ನೂ ಓದಿದ್ದೇನೆ. ನನ್ನ ವಿದ್ಯೆಯೆಲ್ಲ ಮೂರು ಮಡಿಕೆಯದು. ನನ್ನ ಭಾವ, ಅಂದರೆ ಅಕ್ಕನ ಗಂಡ, ಇದೇ ಕಾರಣಕ್ಕೆ ನನ್ನನ್ನು ‘ಪಂಡಿತರೇ’ ಎಂದು ಕರೆಯುವುದು. ‘ಪಂಡಿತರೇ, ಊಟಕ್ಕೆ ಏಳ್ತೀರೋ, ಇಲ್ಲ ಅದಕ್ಕೂ ಒಂದು ಕರಪತ್ರ ಬರಬೇಕೋ’ ಎನ್ನುವುದು ಅವರ ದಿನನಿತ್ಯದ ಪಲ್ಲವಿ.

ಉರುಟುಗಲ್ಲಿನ ತೀರದ ಬಗ್ಗೆ ನನಗೆ ಗೊತ್ತಿರುವುದೂ ಹಾಗೆ ಬಂದದ್ದೇ, ಅದೂ ನಿಮ್ಮಿಂದ. ಕೆಲವು ವರ್ಷಗಳ ಹಿಂದೆ ನಿಮ್ಮ ಕಚೇರಿ ‘ನಮ್ಮ ಕಲ್ಲಿನ ತೀರವನ್ನು ಅರಿಯಿರಿ’ ಎಂಬ ಕಿರುಹೊತ್ತಗೆಯನ್ನು ನಮ್ಮಲ್ಲೇ ಅಚ್ಚು ಹಾಕಿಸಿತು. ಅದನ್ನು ಮಡಿಸಿದವಳು ನಾನು. ಒಳ್ಳೆಯ ಹೊತ್ತಗೆ, ಮಾನ್ಯರೇ. ಯಾರೋ ಕಡಲಂಚಿನಲ್ಲಿ ನಿಂತು, ಗಾಳಿಗೆ ಮುಖ ಒಡ್ಡಿ ಬರೆದಂತಿತ್ತು. ಮಡಿಸಿದ ಕಟ್ಟುಗಳೆಲ್ಲ ನಿಮ್ಮ ಕಚೇರಿಗೆ ಹೋದವು. ಆಮೇಲೆ ಅವನ್ನು ಊರಿನಲ್ಲಿ ಯಾರ ಕೈಯಲ್ಲೂ ನಾನು ನೋಡಲಿಲ್ಲ. ಒಂದು ಕಟ್ಟನ್ನು ಮಾತ್ರ ನಿಮ್ಮ ಕಚೇರಿಯ ಪಡಸಾಲೆಯಲ್ಲಿ ನೋಡಿದೆ. ಕುಡಿಯುವ ನೀರಿನ ಡ್ರಮ್ಮು ಅಲುಗಾಡದಂತೆ ಅದರ ಸ್ಟ್ಯಾಂಡಿನ ಕುಂಟು ಕಾಲಿನ ಕೆಳಗೆ ಇಟ್ಟಿದ್ದರು. ಡ್ರಮ್ಮು ಅಲುಗಾಡುತ್ತಿರಲಿಲ್ಲ. ನಿಮ್ಮ ಕಚೇರಿಯ ಜ್ಞಾನ ಏನನ್ನೂ ಎತ್ತಿ ಹಿಡಿದಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆ ಹೊತ್ತಗೆಯಲ್ಲಿ ಇದ್ದದ್ದನ್ನು ನಿಮಗೆ ನೆನಪು ಮಾಡಿಕೊಡಬೇಕಾಗಿ ಬಂದಿದೆ. ಉರುಟುಗಲ್ಲಿನ ದಿಬ್ಬ ಗೋಡೆಯಲ್ಲ. ಕಡಲೇ ಕಟ್ಟಿ, ಕಡಲೇ ಕೆಡವಿ, ಮತ್ತೆ ಕಡಲೇ ಕಟ್ಟುವ ರಾಶಿ ಅದು. ಅಲೆ ಮೇಲೇರುವಾಗ ಕಲ್ಲನ್ನು ಹೊತ್ತು ತರುತ್ತದೆ. ಕಲ್ಲುಗಳ ಸಂದಿಯಲ್ಲಿ ನೀರು ಸರ್ರನೆ ಇಂಗಿಹೋಗುವುದರಿಂದ ಹಿಂದಿರುಗುವ ಅಲೆಗೆ ತಂದ ಕಲ್ಲನ್ನೆಲ್ಲ ವಾಪಸು ಎಳೆದೊಯ್ಯುವ ಬಲ ಇರುವುದಿಲ್ಲ. ಆದ್ದರಿಂದ ಶಾಂತವಾದ ದಿನಗಳಲ್ಲಿ ದಿಬ್ಬ ಬೆಳೆಯುತ್ತದೆ. ಬಿರುಗಾಳಿ ಬಂದಾಗ ಅಲೆಗಳು ದಿಬ್ಬದ ಎದೆಯನ್ನು ಕೆರೆದು ಕಲ್ಲನ್ನು ಕೆಳಗೆಳೆಯುತ್ತವೆ. ಎಲ್ಲಕ್ಕಿಂತ ದೊಡ್ಡ ಅಲೆಗಳು ಮಾತ್ರ ನೆತ್ತಿಯನ್ನು ದಾಟಿ ಕಲ್ಲುಗಳನ್ನು ಆಚೆ, ಬೆನ್ನಿನ ಕಡೆಗೆ, ಎಸೆಯುತ್ತವೆ. ಹಾಗೆ ಎಸೆದ ಕಲ್ಲು ಕಳೆದುಹೋದ ಕಲ್ಲಲ್ಲ. ದಿಬ್ಬ ನಾಳೆ ನಿಲ್ಲುವುದಕ್ಕೆ ಇವತ್ತೇ ಹಾಕಿಕೊಂಡ ಬುನಾದಿ. ಎದೆಯ ಕಲ್ಲು ಬೆನ್ನಿಗೆ ಬಂದು, ಬಿರುಗಾಳಿಯಿಂದ ಬಿರುಗಾಳಿಗೆ ದಿಬ್ಬ ಒಂದಿಷ್ಟು ನೆಲದ ಕಡೆಗೆ ಉರುಳುತ್ತದೆ. ಕಡಲ ಮಟ್ಟ ಏರುತ್ತಿರುವಾಗ ಅದು ಬದುಕುವ ದಾರಿ ಇದೊಂದೇ. ನೀರು ಏರಿದಂತೆ ತಾನೂ ಹಿಂದೆ ಸರಿದು ಮೇಲೇರುತ್ತದೆ. ತಗ್ಗಾಗಿ, ಅಗಲವಾಗಿ, ಸಡಿಲವಾಗಿ ಬಿದ್ದುಕೊಂಡಿರುವುದೇ ಅದರ ಶಕ್ತಿ. ಅಲೆಯೊಡನೆ ಅದು ಸೆಣಸುವುದಿಲ್ಲ, ಅಲೆಯನ್ನು ಕುಡಿದುಬಿಡುತ್ತದೆ.

ಈಗ ನಮ್ಮ ಓಣಿಯ ಬುದ್ಧಿವಂತಿಕೆಯನ್ನೂ ಹೇಳಬೇಕು. ತಪ್ಪೆಲ್ಲ ನಿಮ್ಮದೇ ಎಂದರೆ ಕಡಲು ನಕ್ಕೀತು. ನಮ್ಮ ಓಣಿ ಒಂದೇ ಸಾಲಿನದು. ಮನೆಗಳ ಮುಖ ದಿಬ್ಬಕ್ಕೆ, ಬೆನ್ನು ಏರುಜಾಗಕ್ಕೆ. ಬಿರುಗಾಳಿ ನಿಂತ ಮರುದಿನ ಓಣಿಗೆ ಓಣಿಯೇ ಬುಟ್ಟಿ, ಬಕೆಟ್ಟು, ಹಳೆಯ ಪಾತ್ರೆ ಹಿಡಿದು ಹೊರಗೆ ಬರುವುದು ನಮ್ಮಲ್ಲಿ ಅಜ್ಜಿಯರ ಕಾಲದ ರೂಢಿ. ಅಂಗಳಕ್ಕೆ ಬಂದು ಬಿದ್ದ ಕಲ್ಲನ್ನು ಒಂದೂ ಬಿಡದೆ ಆರಿಸಿ, ದಿಬ್ಬ ಹತ್ತಿ, ಕಡಲ ಕಡೆಗೆ ಸುರಿಯಬೇಕು. ‘ದಿಬ್ಬದ ಕಲ್ಲು ದಿಬ್ಬಕ್ಕೆ’ ಎನ್ನುತ್ತಿದ್ದಳು ಅಮ್ಮ. ಅಂಗಳದಲ್ಲಿ ಕಲ್ಲಿದ್ದರೆ ಊಟಕ್ಕೆ ಕರೆಯುತ್ತಿರಲಿಲ್ಲ. ಕಲ್ಲು ಬಿಟ್ಟ ಮನೆಯವರನ್ನು ಓಣಿ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿತ್ತು. ದಿಬ್ಬವನ್ನು ಕಾಪಾಡುತ್ತಿದ್ದೇವೆ ಎಂದೇ ನಮ್ಮ ನಂಬಿಕೆ. ಮಾಡುತ್ತಿದ್ದದ್ದು ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸಕ್ಕಿಂತ ಕೆಟ್ಟದ್ದು. ಕಡಲು ಬೆನ್ನಿಗೆ ತಂದು ಹಾಕಿದ ಬುನಾದಿಯನ್ನು ಬುಟ್ಟಿ ಬುಟ್ಟಿಯಾಗಿ ಕಿತ್ತು ಕಡಲಿಗೇ ಕೊಡುತ್ತಿದ್ದೆವು. ಆದರೂ ನಮ್ಮ ತಪ್ಪಿಗೊಂದು ಮಿತಿಯಿತ್ತು. ನಮ್ಮ ಸೊಂಟ ಎಷ್ಟು ಬಗ್ಗೀತು, ನಮ್ಮ ಬುಟ್ಟಿ ಎಷ್ಟು ಹಿಡಿದೀತು?

ಆ ಮಿತಿಯನ್ನು ತೆಗೆದುಹಾಕಿದ ಕೀರ್ತಿ ನಿಮ್ಮ ಕಚೇರಿಯದು. ನೀವು ಬುಲ್ಡೋಜರ್ ತಂದಿರಿ. ನಮ್ಮ ಬುಟ್ಟಿಯ ಮೂರ್ಖತನಕ್ಕೆ ಎಂಜಿನ್ ಜೋಡಿಸಿದಿರಿ. ಬಿರುಗಾಳಿ ಮುಗಿದೊಡನೆ ಯಂತ್ರ ಬಂದು ಬೆನ್ನಿನ ಕಲ್ಲನ್ನೆಲ್ಲ ಬಳಿದು ನೆತ್ತಿಗೇರಿಸುತ್ತಿತ್ತು. ದಿಬ್ಬ ಪ್ರತಿ ಸಲವೂ ಎತ್ತರವಾಯಿತು, ಕಡಿದಾಯಿತು, ತೆಳ್ಳಗಾಯಿತು. ಕಲ್ಲಿನ ಜೊತೆ ಕೆಳಗಿನ ಮರಳು ಮಣ್ಣೂ ಬೆರೆತು, ಯಂತ್ರದ ಭಾರಕ್ಕೆ ಅಮುಕಿ ಗಟ್ಟಿಯಾಯಿತು. ಮೊದಲು ಕಾಲಿಟ್ಟರೆ ಮೊಣಕಾಲಿನವರೆಗೆ ಕುಸಿಯುತ್ತಿದ್ದ ದಿಬ್ಬದ ಮೇಲೆ ಸೈಕಲ್ ಹೊಡೆಯಬಹುದಾಗಿತ್ತು. ನಾವೆಲ್ಲ ಹಿಗ್ಗಿದೆವು. ನೀರು ಇಂಗುವ ಸಂದಿಗಳೆಲ್ಲ ಮುಚ್ಚಿಹೋದವು ಎಂದು ಯಾರಿಗೂ ಅನ್ನಿಸಲಿಲ್ಲ. ಇನ್ನು ಹೊಸ ಕಲ್ಲಾದರೂ ಬರುತ್ತದೆಯೇ ಎಂದರೆ, ತೀರದುದ್ದಕ್ಕೂ ಅಲೆಯೊಡನೆ ಉರುಳಿಕೊಂಡು ಬರಬೇಕಾದ ಕಲ್ಲೆಲ್ಲ ಬಂದರಿನ ಉದ್ದನೆಯ ತಡೆಗೋಡೆಯ ಆಚೆಗೆ ನಿಂತುಬಿಟ್ಟಿದೆ. ಆದಾಯ ನಿಂತ ಮನೆಯಲ್ಲಿ ಇದ್ದ ಬಟ್ಟೆಯನ್ನೇ ಹರಿದು ಬಾವುಟ ಕಟ್ಟಿದ ಹಾಗಾಯಿತು ನಿಮ್ಮ ಎತ್ತರಿಸುವಿಕೆ.

ಆ ಬುಲ್ಡೋಜರ್ ನಡೆಸುವವರು ಯಾರು ಗೊತ್ತೇ? ನನ್ನ ಭಾವ. ನಿಮ್ಮ ಕಚೇರಿಯ ಯಂತ್ರಚಾಲಕ. ಹೊತ್ತಗೆಯನ್ನು ಮೊದಲ ಸಲ ಮನೆಗೆ ತಂದು ಅವರ ಮುಂದೆ ಓದಿದಾಗ ನಡೆದ ಮಾತು ನನಗಿನ್ನೂ ನೆನಪಿದೆ.

‘ಭಾವ, ಇದರ ಪ್ರಕಾರ ನೀವು ಮಾಡ್ತಿರೋದು ಉಲ್ಟಾ ಕೆಲಸ.’

‘ಯಾರು ಬರೆದಿದ್ದು ಅದನ್ನ?’

‘ನಿಮ್ಮ ಆಫೀಸಿನವರೇ.’

‘ನನ್ನ ಕೈಗೆ ಆರ್ಡರ್ ಕೊಟ್ಟಿದ್ದೂ ಅವರೇ. ಒಂದೇ ಆಫೀಸು ಎರಡು ಹೇಳಿದ್ರೆ ನಾನು ಯಾವುದನ್ನ ಮಾಡಲಿ ಪಂಡಿತರೇ? ಫೋನಲ್ಲಿ ಹೇಳಿದ್ದನ್ನ ಮಾಡ್ತೀನಿ. ಕಾಗದದಲ್ಲಿ ಹೇಳಿದ್ದನ್ನ ನೀವು ಓದಿ.’

ಅಕ್ಕ ಹೊಲಿಗೆಯಿಂದ ತಲೆಯೆತ್ತದೆ, ‘ಇಬ್ಬರೂ ಸೇರಿ ದಿಬ್ಬಾನ ಇನ್ನೊಂದು ಕಡೆ ಇಟ್ಟು ಬನ್ನಿ, ನನಗೆ ಬೆಳಕು ಬರ್ತಿಲ್ಲ’ ಎಂದಳು. ಅದು ತಮಾಷೆಯ ಮಾತಾದರೂ ಸುಳ್ಳಲ್ಲ. ಅಕ್ಕ ಲಾರಿಗಳಿಗೂ ದೋಣಿಗಳಿಗೂ ಟಾರ್ಪಾಲು ಹೊಲಿಯುತ್ತಾಳೆ. ಓಣಿಯ ನಡುವೆ ಇರುವ ನಮ್ಮ ಮನೆಯ ಮುಂಗೋಣೆಯೇ ಅವಳ ಅಂಗಡಿ. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಭಾರದ ಹೊಲಿಗೆಯಂತ್ರ, ಗೋಡೆಗೆ ಒರಗಿಸಿದ ಕ್ಯಾನ್ವಾಸಿನ ಸುರುಳಿಗಳು, ಮೇಣದ ವಾಸನೆ. ಕಿಟಕಿಯಿಂದ ಮೊದಲು ದಿಬ್ಬದ ನೆತ್ತಿಯೂ ಅದರ ಮೇಲೆ ಒಂದು ಪಟ್ಟಿ ಆಕಾಶವೂ ಕಾಣುತ್ತಿತ್ತು. ನಿಮ್ಮ ರಕ್ಷಣೆ ಬೆಳೆದಂತೆಲ್ಲ ಆಕಾಶ ಹೋಗಿ ಬರೀ ಕಲ್ಲು ಉಳಿಯಿತು. ಅಕ್ಕ ಹಗಲೇ ದೀಪ ಹಚ್ಚಿ ಹೊಲಿಯತೊಡಗಿದಳು.

ಕಳೆದ ಬಿರುಗಾಳಿಯ ದಿನ ಬೆಳಗ್ಗೆಯೇ ನಿಮ್ಮ ಕಚೇರಿಯಿಂದ ಭಾವನಿಗೆ ಫೋನು ಬಂತು. ದಿಬ್ಬದ ಮೇಲಿದ್ದು, ಎಲ್ಲಿ ಕುಸಿದರೆ ಅಲ್ಲಿಗೆ ಕಲ್ಲು ತಳ್ಳಬೇಕೆಂಬ ಅಪ್ಪಣೆ. ಯಾರೋ ನೀರು ತಾಗದ ಕೋಣೆಯಲ್ಲಿ ಕೂತು ಕೊಟ್ಟದ್ದು. ಗಾಳಿಗೆ ಮುದ್ರಣಾಲಯ ಮುಚ್ಚಿದ್ದರಿಂದ ನಾನು ಮನೆಗೆ ಬರುತ್ತಿದ್ದೆ. ಓಣಿಯ ತಿರುವಿನಿಂದ ಕಂಡದ್ದನ್ನು ಬರೆಯುತ್ತೇನೆ, ನಿಮ್ಮ ವರದಿಯಲ್ಲಿ ಅದಿಲ್ಲ. ಅಲೆಗಳು ದಿಬ್ಬವನ್ನು ಹತ್ತುತ್ತಿರಲಿಲ್ಲ. ಗಟ್ಟಿಯಾದ ಆ ಎದೆಗೆ ಬಡಿದು, ಇಂಗಲು ಎಡೆಯಿಲ್ಲದೆ, ಬಂದಷ್ಟೇ ರಭಸದಲ್ಲಿ ಬುಡವನ್ನು ಕಿತ್ತುಕೊಂಡು ಹಿಂದಿರುಗುತ್ತಿದ್ದವು. ದಿಬ್ಬ ಕಡಲ ಕಡೆಯಿಂದ ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗೆ ಕಡಿದುಹೋಗುತ್ತಿತ್ತು. ನೆತ್ತಿಯ ಮೇಲೆ ಹಳದಿ ಯಂತ್ರ ಹಿಂದಕ್ಕೆ ಮುಂದಕ್ಕೆ ಓಡಾಡುತ್ತಿತ್ತು. ಆಮೇಲೆ ಅದು ನಿಂತಿತು. ನಮ್ಮ ಮನೆಯ ನೇರಕ್ಕೆ ದಿಬ್ಬದ ಒಂದು ತುಂಡು ಒಮ್ಮೆಗೇ ಬಾಯಿ ಬಿಟ್ಟಿತು. ಕಡಲು ಮೊದಲಿನ ಹಾಗೆ ಬೊಗಸೆ ಬೊಗಸೆ ಕಲ್ಲು ಎಸೆಯಲಿಲ್ಲ. ಎಷ್ಟೋ ವರ್ಷ ನೀವು ಕೂಡಿಟ್ಟದ್ದನ್ನೆಲ್ಲ ಒಂದೇ ಜಾಗದಿಂದ ಒಂದೇ ಸಲ ತಂದು ನಮ್ಮ ಬಾಗಿಲಿಗೆ ಸುರಿಯಿತು.

ಅಕ್ಕನ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ದೊಡ್ಡ ಟಾರ್ಪಾಲು ಹರಡಲು ಒಳಗೆ ಜಾಗ ಬೇಕೆಂದು ಹಾಗೆ ಮಾಡಿಸಿದ್ದಳು. ಕಲ್ಲು ಅದರ ಅರ್ಧದವರೆಗೆ ಒಟ್ಟಿಕೊಂಡಿತು. ಒಳಗೆ ಅಕ್ಕ ಒಬ್ಬಳೇ. ಕಿಟಕಿ ಒಡೆದು ನೀರೂ ಕಲ್ಲೂ ಬರುತ್ತಿದ್ದವು. ಅವಳು ಯಂತ್ರದ ಮೇಜಿನ ಮೇಲೆ ಹತ್ತಿ ನಿಂತಿದ್ದಳಂತೆ. ಒದ್ದೆಯಾದ ಟಾರ್ಪಾಲು ಸೂಜಿಗೆ ಸಿಕ್ಕಿ, ಅವಳ ಕಾಲಿಗೆ ಸುತ್ತಿಕೊಂಡು ಎಳೆಯುತ್ತಿತ್ತಂತೆ. ದಿಬ್ಬದ ಮೇಲಿನಿಂದ ಭಾವ ಇದನ್ನು ನೋಡಿದರು. ತಾನು ಏರಿಸಿದ ಕಲ್ಲು ತನ್ನ ಮನೆಯ ಬಾಗಿಲ ಮೇಲೆ. ಯಂತ್ರ ಹಚ್ಚಿದರೆ ಗೋಡೆಯೇ ಬೀಳುತ್ತಿತ್ತು. ಕೈಯಲ್ಲಿ ತೋಡಿದರು. ನಾನೂ ತೋಡಿದೆ, ಮೂಲೆಮನೆಯ ಬಡಗಿಯೂ ತೋಡಿದರು. ಉರುಟುಗಲ್ಲನ್ನು ತೋಡುವುದೆಂದರೆ ಹೇಗಿರುತ್ತದೆ ಎಂದು ನಿಮಗೆ ತಿಳಿದಿರಲಾರದು. ಒಂದು ಬೊಗಸೆ ತೆಗೆದರೆ ಮೇಲಿನಿಂದ ಎರಡು ಬೊಗಸೆ ಜಾರಿ ಬರುತ್ತದೆ. ಕೊನೆಗೆ ಬಡಗಿ ಬಾಗಿಲಿನ ಮೇಲರ್ಧವನ್ನು ಕೊಡಲಿಯಿಂದ ಒಡೆದರು. ಅಕ್ಕನನ್ನು ಆ ಕಿಂಡಿಯಿಂದ ಎಳೆದುಕೊಂಡೆವು. ಅವಳ ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಹೊಲಿಯುವ ಕೈ.

ಆಗ ಭಾವ ಹೇಳಿದ ಮಾತು ಒಂದೇ. ‘ನಾನು ತಾನೇ ಕಣೇ ಇದನ್ನ ಏರಿಸಿದ್ದು.’ ಅಕ್ಕ ಹಲ್ಲು ಕಚ್ಚಿಕೊಂಡೇ, ‘ಏರಿಸಿದ್ದನ್ನ ಆಮೇಲೆ ಮಾತಾಡೋಣ, ಮೊದಲು ನನ್ನನ್ನ ಇಳಿಸಿ’ ಎಂದಳು. ಅವತ್ತಿನಿಂದ ಭಾವ ನನ್ನನ್ನು ಪಂಡಿತರೇ ಎಂದು ಕರೆದಿಲ್ಲ.

ನಿಮ್ಮ ವರದಿ ಈ ದಿನವನ್ನು ಪ್ರಕೃತಿ ವಿಕೋಪ ಎಂದು ಕರೆದಿದೆ. ಸರಿ, ಅದೇ ಮಧ್ಯಾಹ್ನ, ಅದೇ ಓಣಿ, ಅದೇ ಪ್ರಕೃತಿ ಇನ್ನೊಂದು ಕಡೆ ಏನು ಮಾಡಿತು ನೋಡೋಣ. ಓಣಿಯ ತುದಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯಿದೆ. ಅಮ್ಮನ ಅಕ್ಕ. ಅವಳ ಮನೆಗೆ ಹೋಗುವ ಮೊದಲು ಒಂದು ಸಣ್ಣ ಮೋರಿ ಸೇತುವೆ. ಅದು ಬುಲ್ಡೋಜರಿನ ಭಾರ ತಡೆಯುವುದಿಲ್ಲವೆಂದು ನಿಮ್ಮ ಯಂತ್ರ ಆಚೆಗೆ ಯಾವತ್ತೂ ಹೋಗಲಿಲ್ಲ. ದೊಡ್ಡಮ್ಮನೂ ಬುಟ್ಟಿ ಹಿಡಿದವಳಲ್ಲ. ಪ್ರತಿ ಬಿರುಗಾಳಿಯಲ್ಲಿ ಬಂದ ಕಲ್ಲನ್ನು ಬಂದಲ್ಲೇ ಬಿಟ್ಟಳು. ಓಣಿಯಲ್ಲಿ ಅವಳ ಹೆಸರೇ ಸೋಮಾರಿ ದೊಡ್ಡಮ್ಮ. ನೆರೆಯವರು, ‘ದೊಡ್ಡಮ್ಮ, ನಿನ್ನ ಅಂಗಳ ಹೀಗೆ ಬೆಳೆದರೆ ಮುಂದಿನ ವರ್ಷ ಹೊಸ್ತಿಲು ಹುಡುಕೋಕೆ ಬಾವಿ ತೋಡಬೇಕು’ ಎಂದು ಆಡಿಕೊಂಡು ನಗುತ್ತಿದ್ದರು. ಅವಳ ಮನೆಯ ಮುಂದಿನ ದಿಬ್ಬ ತಗ್ಗು, ಅಗಲ, ಓರೆಕೋರೆ. ಮೇಲೆಲ್ಲ ಬಳ್ಳಿ ಹಬ್ಬಿತ್ತು. ನಿಮ್ಮ ನಕ್ಷೆಯಲ್ಲಿ ಆ ಭಾಗಕ್ಕೆ ‘ದುರ್ಬಲ’ ಎಂದು ಕೆಂಪು ಬಣ್ಣ ಬಳಿದಿರುವುದನ್ನು ನಾನು ಕಂಡಿದ್ದೇನೆ.

ಬಿರುಗಾಳಿಯ ದಿನ ಆ ದುರ್ಬಲ ದಿಬ್ಬದ ಮೇಲೆ ಅಲೆ ಹತ್ತಿತು, ಹತ್ತುತ್ತ ಹತ್ತುತ್ತ ಕಲ್ಲಿನೊಳಗೆ ಇಂಗಿತು, ಮಿಕ್ಕದ್ದು ತೆಳ್ಳಗೆ ಹರಿದು ಅಂಗಳಕ್ಕೆ ಬಂತು. ಒಂದು ಪದರ ಹೊಸ ಕಲ್ಲನ್ನು ಬಿಟ್ಟು ಹೋಯಿತು. ಮನೆಯೊಳಗೆ ಹೊಸ್ತಿಲು ಒದ್ದೆಯಾದದ್ದಷ್ಟೆ. ನಾವು ಅಕ್ಕನನ್ನು ಎತ್ತಿಕೊಂಡು ಹೋದದ್ದು ಅದೇ ಮನೆಗೆ. ಸಂಜೆ ಅವಳ ಕೈಗೆ ಪಟ್ಟಿ ಕಟ್ಟಿಸಿ ಕರೆತಂದ ಮೇಲೆ ನಾನು ಕೇಳಿದೆ:

‘ನಿನ್ನ ಮನೆ ಹೇಗೆ ಉಳೀತು ದೊಡ್ಡಮ್ಮ?’

‘ನನಗೇನು ಗೊತ್ತೇ. ಮಂಡಿ ನೋವು, ಬಗ್ಗೋಕೆ ಆಗಲ್ಲ, ಬಿಟ್ಟೆ. ಇಷ್ಟು ದಿನ ಸೋಮಾರಿ ಅಂದ್ರಿ. ಇವತ್ತು ಬಂದೋರೆಲ್ಲ ನನ್ನ ಮಂಡೀನ ಹೊಗಳ್ತಿದಾರೆ. ಅದಕ್ಕೆ ನೋವೇನೂ ಕಮ್ಮಿ ಆಗಿಲ್ಲ.’

ಮಾನ್ಯರೇ, ನಿಮ್ಮ ಕಚೇರಿಯ ಶ್ರಮಕ್ಕಿಂತ ಒಬ್ಬ ಮುದುಕಿಯ ಮಂಡಿನೋವು ತೀರವನ್ನು ಚೆನ್ನಾಗಿ ರಕ್ಷಿಸಿದೆ. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಯಾವ ವಿಜ್ಞಾನಿ ಮಾಡಿ ತೋರಿಸಬೇಕು? ಒಂದೇ ದಿಬ್ಬದ ಒಂದು ತುದಿಗೆ ನಿಮ್ಮ ರಕ್ಷಣೆ ಸಿಕ್ಕಿತು, ಇನ್ನೊಂದು ತುದಿಗೆ ಸಿಗಲಿಲ್ಲ. ಸಿಕ್ಕಿದ್ದು ಹೋಯಿತು, ಸಿಗದ್ದು ಉಳಿಯಿತು. ಹಾಗೆಂದು ದೊಡ್ಡಮ್ಮನ ಮನೆ ಸುಭದ್ರ ಎಂದು ನಾನು ಹೇಳುತ್ತಿಲ್ಲ. ಕಲ್ಲು ಅವಳ ಹೊಸ್ತಿಲಿಗೆ ಬಂದಿದೆ, ನೀರು ಏರಿದಂತೆ ಇನ್ನೂ ಬರುತ್ತದೆ. ಆದರೆ ಅದು ಮುಂಚೆಯೇ ಹೇಳಿಕೊಂಡು ನಡೆದು ಬರುತ್ತಿದೆ. ಅವಳಿಗೆ ಗಂಟು ಕಟ್ಟಿಕೊಳ್ಳಲು ವ್ಯವಧಾನ ಕೊಡುತ್ತಿದೆ. ಅಕ್ಕನಿಗೆ ನಿಮ್ಮ ದಿಬ್ಬ ಬಾಗಿಲು ತೆರೆಯುವಷ್ಟು ಹೊತ್ತನ್ನೂ ಕೊಡಲಿಲ್ಲ.

ಇದನ್ನೇ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಿಗಲಿಲ್ಲ. ನಿಮ್ಮ ಸಹಾಯಕರು ಸಿಕ್ಕರು. ಕೂರಿಸಿ, ನೀರು ಕೊಟ್ಟು, ಸೌಜನ್ಯದಿಂದಲೇ ಮಾತಾಡಿಸಿದರು. ಸೌಜನ್ಯದ ಬಗ್ಗೆ ನನ್ನ ದೂರಿಲ್ಲ.

‘ದಿಬ್ಬ ಹಿಂದೆ ಸರಿಯಲಿ ಅಂತೀಯಲ್ಲಮ್ಮ, ದಿಬ್ಬಕ್ಕೇನು ಕಾಲಿದೆಯಾ?’

‘ಇದೆ ಸರ್. ನಿಮ್ಮ ಪುಸ್ತಿಕೆಯ ಒಳಮಡಿಕೆಯಲ್ಲಿ ಚಿತ್ರ ಸಮೇತ ಇದೆ.’

‘ಯಾವ ಪುಸ್ತಿಕೆ?’

ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ, ‘ಇದು ಸಾರ್ವಜನಿಕರ ತಿಳಿವಳಿಕೆಗೆ ಮಾಡಿಸಿದ್ದಮ್ಮ, ಕಚೇರಿಗಲ್ಲ’ ಎಂದು ವಾಪಸು ಕೊಟ್ಟರು.

ಸಾರ್ವಜನಿಕರು ತಿಳಿದುಕೊಳ್ಳಬೇಕು, ಕಚೇರಿ ಎತ್ತರಿಸಬೇಕು, ಇದೇ ಶ್ರಮವಿಭಜನೆ ಎಂದಾದರೆ ಒಮ್ಮೆ ಅದಲುಬದಲು ಮಾಡಿ ನೋಡಬಾರದೇಕೆ? ನೀವು ಎತ್ತರಿಸುವುದೇಕೆ ಎಂದು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಎತ್ತರ ಕಣ್ಣಿಗೆ ಕಾಣುತ್ತದೆ. ಫೋಟೊದಲ್ಲಿ ಬರುತ್ತದೆ. ಹಳದಿ ಯಂತ್ರ ಗಡಗಡ ಎಂದರೆ ಓಣಿಯವರಿಗೂ ಸರ್ಕಾರ ಇದೆ ಎಂಬ ಸಮಾಧಾನ. ಬದಲಿಗೆ ‘ಈ ದಿಬ್ಬ ನಡೆಯುತ್ತದೆ, ನಡೆಯಲು ಬಿಡೋಣ, ನೀವು ಮೇಲಕ್ಕೆ ಬನ್ನಿ, ಜಾಗ ನಾವು ಕೊಡುತ್ತೇವೆ’ ಎನ್ನಬೇಕಾದರೆ ಒಬ್ಬ ಅಧಿಕಾರಿ ಜನರ ಮುಂದೆ ನಿಂತು ಬೈಗುಳ ತಿನ್ನಬೇಕಾಗುತ್ತದೆ. ಕಲ್ಲು ತಳ್ಳುವುದು ಸುಲಭ. ಹಾಗಾದರೆ ಸಿಮೆಂಟಿನ ಗೋಡೆಯನ್ನೇ ಕಟ್ಟಿಬಿಡುತ್ತೇವೆ ಎಂದು ನಾಳೆ ನೀವು ಹೇಳಬಹುದು. ಗೋಡೆಗೆ ಬಡಿದ ಅಲೆ ಮುಂದಿರುವ ಉಳಿದ ಕಲ್ಲನ್ನೂ ಕೆರೆದೊಯ್ಯುತ್ತದೆ. ಆಮೇಲೆ ಗೋಡೆಯನ್ನು ಕಾಯಲು ಇನ್ನೊಂದು ಗೋಡೆ ಬೇಕಾಗುತ್ತದೆ. ಅದೂ ನಿಮ್ಮ ಹೊತ್ತಗೆಯಲ್ಲೇ ಇದೆ, ಹಿಂದಿನ ಪುಟದಲ್ಲಿ.

ಅಕ್ಕ, ಭಾವ, ನಾನು ಈಗ ಇರುವುದು ಮುದ್ರಣಾಲಯದ ಹಿಂದಿನ ಕಾಗದದ ಕೋಣೆಯಲ್ಲಿ. ಯಜಮಾನರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾರೆ, ಆದರೆ ಕಾಗದಕ್ಕೂ ಜಾಗ ಬೇಕು. ಅಕ್ಕನ ಮೂಳೆ ಕೂಡಿದೆ. ಬೆರಳು ಇನ್ನೂ ಮೊದಲಿನಂತೆ ಮಡಚುವುದಿಲ್ಲ. ದಪ್ಪ ಸೂಜಿ ಹಿಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಹೊಲಿಯಬೇಕಾದರೆ ಅವಳಿಗೆ ಅವಳ ಯಂತ್ರ ಬೇಕು, ಯಂತ್ರಕ್ಕೆ ಗಟ್ಟಿ ನೆಲ ಬೇಕು. ಸದ್ಯ ಯಂತ್ರ ಆ ಕೋಣೆಯಲ್ಲೇ, ಕಲ್ಲಿನ ನಡುವೆ, ತುಕ್ಕು ಹಿಡಿಯುತ್ತ ನಿಂತಿದೆ. ನಿಮ್ಮ ಪ್ರಕಟಣೆ ಬಂದ ದಿನ ಭಾವನಿಗೂ ಅಪ್ಪಣೆ ಬಂತು: ಮುಂದಿನ ತಿಂಗಳ ಮೊದಲ ವಾರ ಎತ್ತರಿಸುವ ಕೆಲಸ ಶುರು. ನಾನು ಕೇಳಿದೆ, ಹೋಗುತ್ತೀರಾ ಎಂದು.

‘ನಾನು ಹೋಗದಿದ್ರೆ ಇನ್ನೊಬ್ಬ ಬರ್ತಾನೆ. ಅವನಿಗೆ ನಮ್ಮ ಮನೆ ಯಾವುದು ಅಂತಾನೂ ಗೊತ್ತಿರಲ್ಲ’ ಎಂದರು. ಮತ್ತೆ, ‘ಗಾಡಿಗೆ ಎಲ್ಲಾ ಒಂದೇ. ದಿಬ್ಬ ಏರಿಸು ಅಂದ್ರೆ ಏರಿಸತ್ತೆ. ತಿರುಗಿಸಿ ಮೇಲಿನ ಡಿಪೋ ಅಂಗಳ ಮಟ್ಟ ಮಾಡು ಅಂದ್ರೆ ಅದನ್ನೂ ಮಾಡತ್ತೆ. ಹೇಳೋರು ಹೇಳಬೇಕಲ್ಲ’ ಎಂದರು.

ಡಿಪೋ ಅಂಗಳ ಎಂದರೆ ಓಣಿಯ ಬೆನ್ನಿಗೆ, ಏರಿನ ಮೇಲೆ, ನಿಮ್ಮ ಕಚೇರಿಯದೇ ಜಾಗ. ಮುರಿದ ಯಂತ್ರಗಳು, ಖಾಲಿ ಎಣ್ಣೆ ಡ್ರಮ್ಮುಗಳು, ಯಾವ ಕಾಲದಲ್ಲೋ ತಂದು ಮರೆತ ಪೈಪುಗಳು ಅಲ್ಲಿ ನೆಮ್ಮದಿಯಾಗಿ ವಾಸವಾಗಿವೆ. ಅವುಗಳಿಗೆ ಕಡಲಿನ ಭಯವಿಲ್ಲ. ಬಂಡೆಯ ನೆಲ, ಎತ್ತರ, ಬಂದರಿಗೂ ದೂರವಲ್ಲ. ನಮ್ಮ ಒಂದು ಸಾಲು ಮನೆಗಳು ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ.

ಮೊನ್ನೆ ಭಾನುವಾರ ಅಕ್ಕ, ನಾನು ಮನೆಯ ಸಾಮಾನು ನೋಡಲು ಓಣಿಗೆ ಹೋಗಿದ್ದೆವು. ನಿಮ್ಮ ಪ್ರಕಟಣೆಯಿಂದ ಹುರುಪುಗೊಂಡ ನೆರೆಯವರು ಬುಟ್ಟಿ ಹಿಡಿದು ಅಕ್ಕನ ಅಂಗಳಕ್ಕೇ ಬಂದರು. ಅವರ ಉದ್ದೇಶ ಒಳ್ಳೆಯದೇ. ಕೈ ಮುರಿದವಳ ಅಂಗಳ ತಾವು ಖಾಲಿ ಮಾಡಿಕೊಡೋಣ ಎಂದು. ಬಡಗಿ ನನಗೇ ಮೊದಲು ಬುಟ್ಟಿ ನೀಡಿದರು.

‘ಪತ್ರ ಆಮೇಲೆ ಬರಿಯಮ್ಮ. ಮೊದಲು ಇದನ್ನ ಹಿಡಿ.’

‘ಬಿಡಿ ಅಣ್ಣ, ಕಲ್ಲು ಅಲ್ಲೇ ಇರಲಿ’ ಎಂದಳು ಅಕ್ಕ.

‘ಇರಲಿ ಅಂದ್ರೆ? ದೊಡ್ಡಮ್ಮನ ಗಾಳಿ ಬೀಸ್ತಾ ನಿನಗೂ? ಇವತ್ತು ನಿನ್ನ ಅಂಗಳದಲ್ಲಿ ಬಿಟ್ರೆ ನಾಳೆ ನನ್ನ ಹೊಸ್ತಿಲಿಗೆ ಬರತ್ತೆ.’

‘ಬರತ್ತೆ. ಅದಕ್ಕೇ ನೀವೂ ಏಳಿ ಅಂತಿರೋದು.’

‘ಏಳ್ತೀನಿ. ಎದ್ದು ಎಲ್ಲಿಗೆ ಹೋಗಲಿ? ನನ್ನ ಉಳಿ ಗರಗಸ ತಲೆ ಮೇಲೆ ಹೊತ್ಕೊಂಡು ನಿನ್ನ ತಂಗಿ ಕರಪತ್ರದ ಮೇಲೆ ಕೂತ್ಕೊಳ್ಳಲಾ?’

ಬಡಗಿಯ ಕೊಡಲಿಯಿಲ್ಲದಿದ್ದರೆ ಅಕ್ಕ ಇವತ್ತು ಇರುತ್ತಿರಲಿಲ್ಲ. ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ. ಅಕ್ಕ ನೆಟ್ಟಗಾಗದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ‘ಕೇಳಿಸ್ಕೊಂಡೆಯಲ್ಲ? ಅದನ್ನ ಬರಿ. ಕಲ್ಲು ಹೇಗೆ ಉರುಳತ್ತೆ ಅನ್ನೋದೆಲ್ಲ ಅವರಿಗೆ ಗೊತ್ತಿದೆ, ಅವರೇ ಅಚ್ಚು ಹಾಕಿಸಿದಾರೆ. ನಾವು ಎಲ್ಲಿಗೆ ಅಂತ ಕೇಳು.’

ಕೇಳುತ್ತಿದ್ದೇನೆ. ಇಷ್ಟು ಉದ್ದದ ಪತ್ರದಲ್ಲಿ ನೀವು ಉತ್ತರಿಸಬೇಕಾದದ್ದು ಈ ಒಂದು ಪ್ರಶ್ನೆಗೆ. ದಿಬ್ಬವನ್ನು ಎತ್ತರಿಸುವ ಅಪ್ಪಣೆಯನ್ನು ಮುಂದಿನ ತಿಂಗಳು ಬರುವ ಮೊದಲು ಹಿಂತೆಗೆದುಕೊಳ್ಳಿ. ಡಿಪೋ ಅಂಗಳವನ್ನು ನಮ್ಮ ಓಣಿಗೆ ಬರೆದುಕೊಡಿ. ಅದೇ ಯಂತ್ರ, ಅದೇ ಎಣ್ಣೆ, ಅದೇ ಚಾಲಕ. ಮೂತಿಯನ್ನಷ್ಟೇ ಏರಿನ ಕಡೆಗೆ ತಿರುಗಿಸಿ. ಬಿರುಗಾಳಿಯ ಕಾಲದೊಳಗೆ ಎಲ್ಲ ಮನೆಗಳೂ ಏಳಲಾರವು, ಗೊತ್ತು. ದಿಬ್ಬ ಬಾಯಿಬಿಟ್ಟ ಜಾಗದಲ್ಲಿರುವ ಮನೆಗಳನ್ನು ಮೊದಲು ಎಬ್ಬಿಸಿ. ಟಾರ್ಪಾಲು ಹೊಲಿಯುವವಳಿದ್ದಾಳೆ, ಬಡಗಿಯಿದ್ದಾರೆ, ಮಿಕ್ಕವರಿಗೂ ಕೈಯಿದೆ. ಸೂರು ನಾವು ಮಾಡಿಕೊಳ್ಳುತ್ತೇವೆ, ನೀವು ನೆಲ ಕೊಡಿ. ಆಮೇಲೆ ದಿಬ್ಬವನ್ನು ಅದರ ಪಾಡಿಗೆ ಬಿಡಿ. ಅದು ನಮ್ಮ ಹಳೆಯ ಅಂಗಳಗಳ ಮೇಲೆ ಬಂದು ಕಾಲು ಚಾಚಿ ಮಲಗಲಿ. ಹಾಗೆ ಮಲಗಿದರೇನೇ ಮೇಲಿರುವ ನಮ್ಮನ್ನೂ, ನಮ್ಮ ಬೆನ್ನಿಗಿರುವ ಊರನ್ನೂ, ಊರಿನೊಳಗಿರುವ ನಿಮ್ಮ ಕಚೇರಿಯನ್ನೂ ಅದು ಕಾದೀತು.

ಉತ್ತರವನ್ನು ಪತ್ರಿಕೆಯಲ್ಲೇ ಕೊಡಬೇಕೆಂದು ವಿನಂತಿ. ಅಂಚೆಯಲ್ಲಿ ಕಳಿಸಲು ಹೋಗಬೇಡಿ. ಓಣಿಯ ಮನೆಗೆ ಬಂದ ಪತ್ರವನ್ನು ತೆಗೆದುಕೊಳ್ಳಲು ಅಲ್ಲಿ ಯಾರೂ ಇಲ್ಲ, ಕಾಗದದ ಕೋಣೆಗೆ ಬಾಗಿಲ ಸಂಖ್ಯೆಯಿಲ್ಲ.

ಇಂತಿ,
ವಿಧೇಯತೆ ಮುಗಿದಿದ್ದರೂ ಆಸೆ ಇನ್ನೂ ಮುಗಿಯದ,
ಟಾರ್ಪಾಲು ಹೊಲಿಯುವವಳ ತಂಗಿ

ವಿಳಾಸ: ಖಾಲಿ ಬಿಟ್ಟಿದ್ದೇನೆ. ತುಂಬುವ ಅಧಿಕಾರ ತಮ್ಮದು.